ಕಂತು ಕೇಳೂ ಸಂಘ ಕೆಮ್ಮು ಯಾಕ ಕೇಳಂಗಿಲ್ಲ?

ಇವತ್ತ ತೊಗರಿ ಧಾರಣಿ ಬಗ್ಗೆ ಬರಿಯೂದಿಲ್ಲ. ಸಿಟ್ಟಿನ್ಯಾಗ ಬರೀಲಿಕತ್ತೀನಿ, ಬೈಕೊಂಡ್ರೂ ಪೂರ್ತಿ ಓದ್ರಿ.

ಮೊನ್ನೆ ರಾಶಿಗೆ ಬಂದ ಆಳು ಚೀಲ ಎತ್ತಲಿಕ್ಕೆ ಆಗದ ಕುಂತುಬಿಟ್ಟ. ಎರಡು ತಿಂಗಳಿಂದ ಕೆಮ್ಮಂತ. ದವಾಖಾನಿಗೆ ಯಾಕ ಹೋಗಿಲ್ಲೋ ಅಂದ್ರ, "ಒಂದಿನದ ಪಗಾರ ಹೊಕ್ಕೈತ್ರೀ" ಅಂದ. ಹಿಂದಿನ ದಿನಾನೂ ಕೆಮ್ಮಿದ್ದ, ನಾನೂ ಕೇಳಿರಲಿಲ್ಲ. ಅವನ ಹೆಂಡತಿ ಸ್ವಸಹಾಯ ಸಂಘದಾಗ ಅದಾಳ, ನಾ ಸೊಸೈಟಿ ಸದಸ್ಯ. ಕಂತು ಒಂದು ವಾರ ತಪ್ಪಿದ್ರ ಬಾಗಿಲಿಗೆ ಬಂದು ನಿಂದ್ರೂ ಮಂದಿ, ಮನುಷ್ಯ ಎರಡು ತಿಂಗಳು ಕೆಮ್ಮಿದ್ರೂ ಹೊಳ್ಳಿ ನೋಡಲಿಲ್ಲ.

ಈಗ ಹೇಳೂ ಮಾತು ಕೆಲವರಿಗೆ ಚುಚ್ಚತೈತಿ. ನಮ್ಮ ಜಿಲ್ಲಾದಾಗ ಈ ಕೆಲಸ ಮಾಡಿ ತೋರಿಸಿದವರು ಯಾರು? ನಾವು ಕಟ್ಟಿ ಮ್ಯಾಲೆ ಕುಂತು ಹಗುರಾಗಿ ಮಾತಾಡೂ ಹೆಣ್ಣಮಕ್ಕಳು. ಮುತ್ತು ಕಟ್ಟೂದು ನಿಲ್ಲಿಸಲಿಕ್ಕೆ 1982ರ ಕಾಯ್ದೆ ಐತಿ. ಕಾಯ್ದೆ ಬಂದ್ರೂ ಹಸಿವು ಹೋಗಲಿಲ್ಲ. ಎಚ್‌ಐವಿ ಜೋರಾದಾಗ ನಾವು ಆ ಓಣಿ ತಪ್ಪಿಸಿ ಸುತ್ತ ಹಾಕಿ ಹೋದಿವಿ. ಅವರು 2003ರಾಗ ಶುರುವಾದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಜೋಡಿ ಸೇರಿ ತಮ್ಮದ ಸಂಘ ಕಟ್ಟಿಕೊಂಡ್ರು, ಚೈತನ್ಯ ಮಹಿಳಾ ಸಂಘ. ತಮ್ಮವರ ಮನಿಗೆ ತಾವೇ ಹೋಗಿ ನಿರೋಧ್ ಕೊಟ್ರು, ರಕ್ತ ತಪಾಸಣಿಗೆ ಕೈ ಹಿಡಿದು ಕರಕೊಂಡು ಹೋದ್ರು. ಎಚ್‌ಐವಿ ಗುಳಗಿ 2004ರಿಂದ ಸರಕಾರಿ ದವಾಖಾನಿಯಾಗ ಪುಕ್ಕಟೆ ಐತಿ. ಆದ್ರ ನಾಚಿಕಿಂದ ಮನಿ ಹಿಡಿದವನ ಬಾಯಿಗೆ ಗುಳಗಿ ತಾನಾಗಿ ನಡಕೊಂಡು ಬರ್ತೈತೇನ್ರೀ?

ಆಶಾ ಅದಾರಲ್ಲ ಅಂತೀರಿ. ಸಾವಿರ ಮಂದಿಗೆ ಒಬ್ಬಾಕಿ. ಬಸರಿ, ಬಾಣಂತಿ, ಲಸಿಕಿ ಎಲ್ಲಾ ಅಕಿ ತಲಿ ಮ್ಯಾಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಗುಳೆ ಹೋದವರನ್ನ ಅಕಿ ಎಲ್ಲಿ ಹುಡುಕಬೇಕು? ಯಾರು ಯಾವ ಮುಕಾದಮನ ಟೋಳಿಯಾಗ ಕಬ್ಬು ಕಡಿಲಿಕ್ಕೆ ಹೋದ್ರು, ಯಾವಾಗ ತಿರುಗಿ ಬಂದ್ರು ಅನ್ನೂದು ನಮಗ ಗೊತ್ತಿರ್ತೈತಿ. ಸಾಲದ ಲೆಕ್ಕ ಇಟ್ಟವರು ನಾವೇ ಅಲ್ಲೇನು.

ಎರಡು ವಾರ ಮೀರಿ ಕೆಮ್ಮು ಇದ್ರ ಕಫ ತಪಾಸಣಿ ಮಾಡಿಸಬೇಕು. ಸರಕಾರಿ ದವಾಖಾನಿಯಾಗ ಪುಕ್ಕಟೆ. ಟಿಬಿ ಅಂತಾದ್ರ ಸಾಮಾನ್ಯವಾಗಿ ಆರು ತಿಂಗಳ ಗುಳಗಿ. ಊಟಕ್ಕಂತ ಖಾತೆಗೆ ತಿಂಗಳಿಗೆ 500 ರೂಪಾಯಿ ಬರ್ತಿತ್ತು, 2024ರ ನವೆಂಬರಿನಿಂದ 1,000 ಮಾಡ್ಯಾರ. ಇದನ್ನ ನಮ್ಮ ಯಾವ ಸಭೆಯಾಗ ಯಾರು ಓದಿ ಹೇಳ್ಯಾರ?

ಮುಂದಿನ ಸೊಸೈಟಿ ಸಭೆಯಾಗ ಒಂದ ವಿಷಯ ಇಡಾಂವ ಅದೀನಿ: ಕಫ ತೋರಿಸಲಿಕ್ಕೆ ಹೋದ ಆಳಿಗೆ ಆ ದಿನದ ಪಗಾರ ಕಡಿಯಬಾರದು. ನಗ್ತಾರ, ನಗಲಿ.

ನಮ್ಮ ಆಳಿನ ವರದಿ ಇನ್ನೂ ಬಂದಿಲ್ಲ. ಗಾಡಿ ಮ್ಯಾಲೆ ನಾನೇ ಕರಕೊಂಡು ಹೋಗಿದ್ದೆ. ರಾಶಿ ಒಂದಿನ ತಡಾ ಆತು, ಅಷ್ಟ.