ಪುರಾವೆ ಕೇಳುವ ಪ್ರೀತಿ

ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಹೈದರಾಬಾದಿಗೆ ಕೆಲಸಕ್ಕೆ ಬಂದು ಮಾದಾಪುರ, ಗಚ್ಚಿಬೌಲಿಯ ಹಾಸ್ಟೆಲುಗಳಲ್ಲಿರುವ ಹುಡುಗ ಹುಡುಗಿಯರ ನಡುವೆ ಪ್ರೀತಿಗೊಂದು ಹೊಸ ಪರೀಕ್ಷೆ ಹುಟ್ಟಿಕೊಂಡಿದೆ. ಫೋನಿನ ಪಾಸ್‌ವರ್ಡ್ ಕೊಡಬೇಕು, ಲೈವ್ ಲೊಕೇಶನ್ ಹಾಕಬೇಕು, ರಾತ್ರಿ ಪಾಳಿಯಲ್ಲಿದ್ದರೆ ಪಕ್ಕದ ಕುರ್ಚಿಯಲ್ಲಿ ಯಾರಿದ್ದಾರೆಂದು ವಿಡಿಯೊ ಕಾಲ್‌ನಲ್ಲಿ ತೋರಿಸಬೇಕು. "ಮುಚ್ಚಿಡೋದೇನೂ ಇಲ್ಲಂದ್ರ ಕೊಡ್ಲಿಕ್ಕ ಏನ್ ತ್ರಾಸ?" ಎಂದರೆ ಏನು ಹೇಳಬೇಕು? ಕೊಟ್ಟರೆ ಅದೇ ರೂಢಿಯಾಗುತ್ತದೆ, ಕೊಡದಿದ್ದರೆ ಸಂಶಯಕ್ಕೆ ಬಲ ಬರುತ್ತದೆ. ಸುತ್ತಲಿನವರು ಇದನ್ನು ನೋಡಿ "ಅಷ್ಟು ಪ್ರೀತಿ ಅದ, ಅದಕ್ಕೇ ಶಕ್ ಮಾಡ್ತಾನ" ಎಂದು ನಗುತ್ತಾರೆ. ನನ್ನ ತಕರಾರು ಈ ನಗುವಿನ ಮೇಲೆ.

ಅಸೂಯೆ ಬೇಕೆಂದು ತಂದುಕೊಳ್ಳುವ ಭಾವವಲ್ಲ ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಬಸ್ ಮತ್ತು ಸಂಗಡಿಗರು 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಂಗಾತಿಯ ದೇಹಸಂಬಂಧ ಗಂಡಸರನ್ನು ಹೆಚ್ಚು ಕಾಡುತ್ತದೆ, ಮನಸ್ಸಿನ ಸಂಬಂಧ ಹೆಂಗಸರನ್ನು ಹೆಚ್ಚು ಕಾಡುತ್ತದೆ ಎಂದು ಹೇಳಿ, ಅದರ ಬೇರನ್ನು ಜೀವವಿಕಾಸದಲ್ಲಿ ಹುಡುಕಿದರು. ಹತ್ತು ವರ್ಷಗಳ ನಂತರ ಡೇವಿಡ್ ಡಿಸ್ಟೆನೊ ತಂಡ ಇದನ್ನು ಪ್ರಶ್ನಿಸಿತು. ಉತ್ತರಿಸುವವರ ಗಮನವನ್ನು ಬೇರೆ ಕೆಲಸಕ್ಕೆ ಹಚ್ಚಿ ಅದೇ ಪ್ರಶ್ನೆ ಕೇಳಿದಾಗ ಈ ಗಂಡು ಹೆಣ್ಣಿನ ಅಂತರ ಉಳಿಯಲಿಲ್ಲ. ಜಗಳ ಇನ್ನೂ ಮುಗಿದಿಲ್ಲ. ನನಗೆ ಬೇಕಾದ್ದು ಇಬ್ಬರೂ ಒಪ್ಪುವ ಭಾಗ: ಕಳೆದುಕೊಳ್ಳುವ ಭಯ ಎಲ್ಲರಿಗೂ ಇದೆ, ಅದು ಹೇಳಿ ಕೇಳಿ ಬರುವುದಿಲ್ಲ.

ಆದರೆ ಭಯ ಪಡುವುದು ಬೇರೆ, ಆ ಭಯದ ಹೆಸರಿನಲ್ಲಿ ಇನ್ನೊಬ್ಬರ ಬದುಕನ್ನು ತಪಾಸಣೆ ಮಾಡುವ ಹಕ್ಕು ಕೇಳುವುದು ಬೇರೆ. ತಪಾಸಣೆಯಿಂದ ಭಯ ಇಳಿಯುವುದಾದರೂ ಒಂದು ಮಾತಿತ್ತು. ಇಳಿಯುವುದಿಲ್ಲ. ತಪ್ಪು ನಡೆದದ್ದಕ್ಕೆ ಪುರಾವೆ ಸಿಗಬಹುದು, ಏನೂ ನಡೆದಿಲ್ಲ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ. ಮೆಸೇಜುಗಳೆಲ್ಲ ಸರಿಯಿದ್ದರೆ ಅಳಿಸಿದ್ದೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಅಳಿಸಿಲ್ಲವೆಂದು ತಿಳಿದರೆ ಇನ್ನೊಂದು ಸಿಮ್ ಇರಬಹುದೇ ಎಂಬ ಪ್ರಶ್ನೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲೇ, ಫೇಸ್‌ಬುಕ್ಕಿನಲ್ಲಿ ಹೆಚ್ಚು ಹೊತ್ತು ಕಳೆಯುವವರಲ್ಲಿ ಅದಕ್ಕೆ ಸಂಬಂಧಿಸಿದ ಅಸೂಯೆಯೂ ಹೆಚ್ಚಿರುವುದನ್ನು ಗುರುತಿಸಿದ್ದರು. ಅಸೂಯೆಯಿಂದ ಇಣುಕುವುದು, ಇಣುಕಿದ್ದರಿಂದ ಮತ್ತೆ ಅಸೂಯೆ, ಹೀಗೊಂದು ಸುತ್ತು ಇರಬಹುದೆಂಬುದು ಅವರ ಊಹೆ. ಉರಿಯುವ ಒಲೆಗೆ ಸೌದೆ ಹಾಕಿ, ಇನ್ನೇನು ಆರಿತು ಎಂದು ಕಾಯುವ ಕೆಲಸ ಇದು.

ಹಾಗಾದರೆ ಸಂಶಯ ನಿಜವೇ ಆಗಿದ್ದರೆ? ಇದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ, ಮತ್ತು ಇದನ್ನು ಕನ್ನಡದಲ್ಲಿ ಜನ್ನನಷ್ಟು ನಿರ್ದಯವಾಗಿ ನೋಡಿದವರು ಕಡಿಮೆ. ಹದಿಮೂರನೆಯ ಶತಮಾನದ ಆದಿಯ 'ಯಶೋಧರ ಚರಿತೆ'ಯಲ್ಲಿ ರಾಣಿ ಅಮೃತಮತಿ ಮಾವುತನ ಹಾಡಿಗೆ ಮನಸೋತು ರಾತ್ರಿ ಎದ್ದು ಹೋಗುತ್ತಾಳೆ. ರಾಜ ಹಿಂದೆಯೇ ಕಳ್ಳನಂತೆ ಹೋಗಿ ಎಲ್ಲವನ್ನೂ ಕಣ್ಣಾರೆ ಕಾಣುತ್ತಾನೆ. ತಡವಾಗಿ ಬಂದಳೆಂದು ಆ ಕುರೂಪಿ ಮಾವುತ ಅವಳನ್ನು ಹೊಡೆಯುತ್ತಾನೆ, ಅವಳು ಅವನನ್ನೇ ಬೇಡಿಕೊಳ್ಳುತ್ತಾಳೆ. ಕತ್ತಿ ಎತ್ತಿದ ರಾಜ ಕೈ ತಡೆದು ಹಿಂದಿರುಗುತ್ತಾನೆ. ಪುರಾವೆ ಇದಕ್ಕಿಂತ ಪಕ್ಕಾ ಬೇಕೆ? ಆದರೂ ಬೆಳಗ್ಗೆ ಅವನಿಂದ ಒಂದು ನೇರ ಮಾತು ಹೊರಡುವುದಿಲ್ಲ. ನೈದಿಲೆಯಿಂದ ಹೊಡೆದು, ಅವಳು ಮೂರ್ಛೆ ಹೋದಾಗ ಕೊಂಕು ನುಡಿಯುತ್ತಾನೆ. ತನ್ನ ಗುಟ್ಟು ಬಯಲಾಗಿದೆಯೆಂದು ಅವಳಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ. ಕಡೆಗೆ ಅವಳಿಕ್ಕಿದ ವಿಷಕ್ಕೆ ರಾಜನೂ ಅವನ ತಾಯಿಯೂ ಸಾಯುತ್ತಾರೆ. ಜನ್ನನ ಗಮನ ಹಿಂಸೆ ಮತ್ತು ಕರ್ಮದ ಕಡೆಗಿತ್ತು, ನಿಜ. ನನಗೆ ಅಲ್ಲಿ ಕಾಣುವುದು ಎಲ್ಲ ತಿಳಿದೂ ಮಾತಾಡಲಾರದ ಗಂಡ.

ಕಾವಲು ಕಾಯುವವನು ನಿಷ್ಠನಾಗಿರಬೇಕೆಂದೂ ಇಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ'ದ ಅಪ್ಪಣ್ಣ ಹೆಂಡತಿಯನ್ನು ಮನೆಯೊಳಗೆ ಕೂಡಿ ಬೀಗ ಹಾಕಿ ತಾನು ಸೂಳೆಯ ಮನೆಗೆ ಹೋಗುತ್ತಾನೆ. ಆ ಬೀಗದಲ್ಲಿ ಪ್ರೀತಿ ಹೋಗಲಿ, ಕಳೆದುಕೊಳ್ಳುವ ಭಯವೂ ಇಲ್ಲ. ಅಲ್ಲಿರುವುದು ಬರೀ ಒಡೆತನ. ಹೆಂಗಸರೂ ಗಂಡಂದಿರ ಫೋನು ತೆರೆದು ನೋಡುತ್ತಾರೆ, ಅದೂ ಅಷ್ಟೇ ಹಿಂಸೆ. ಆದರೆ ಸಿಕ್ಕಿಬಿದ್ದ ಮೇಲೆ ಯಾರ ಓದು, ಯಾರ ಕೆಲಸ, ಯಾರ ಜೀವ ಮೊದಲು ಅಪಾಯಕ್ಕೆ ಬೀಳುತ್ತದೆ ಎಂಬುದರಲ್ಲಿ ಸಮಾನತೆ ಇಲ್ಲ. ದಂಡಸಂಹಿತೆಯ 2013ರ ತಿದ್ದುಪಡಿಯಲ್ಲಿ ಹೆಣ್ಣೊಬ್ಬಳ ಇಂಟರ್ನೆಟ್, ಇ-ಮೇಲ್ ಬಳಕೆಯ ಮೇಲೆ ಕಣ್ಣಿಡುವುದನ್ನೂ ಬೆನ್ನುಹತ್ತುವ ಅಪರಾಧದೊಳಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಮರುವರ್ಷ ಹೈದರಾಬಾದಿನಲ್ಲಿ ಶುರುವಾದ ಪೊಲೀಸರ 'ಶೀ ಟೀಮ್‌'ಗಳ ಮುಂದೆ ಬರುವವರೆಲ್ಲ ಗುರುತಿಲ್ಲದ ಪೋಕರಿಗಳಲ್ಲ, ಒಂದು ಕಾಲಕ್ಕೆ ಪ್ರೀತಿಸಿದವರೂ ಇರುತ್ತಾರೆ.

ಹೈದರಾಬಾದಿನ ಮೂಸಿ ದಂಡೆಯ ಹೈಕೋರ್ಟಿಗೆ ಮೊದಲು ಆಂಧ್ರಪ್ರದೇಶದ ಹೆಸರಿತ್ತು. 2008ರ ಕಾನೂನು ವರದಿಗಳಲ್ಲಿ ಅಲ್ಲಿನ ಒಂದು ತೀರ್ಪು ಸಿಗುತ್ತದೆ. ವಿಚ್ಛೇದನ ಕೇಳಿದ ಗಂಡ, ಹೆಂಡತಿ ಅಮೆರಿಕದಲ್ಲಿದ್ದಾಗ ತನ್ನ ತಂದೆತಾಯಿ ಮತ್ತು ಗೆಳೆಯರೊಡನೆ ಫೋನಿನಲ್ಲಿ ಆಡಿದ ಮಾತುಗಳನ್ನು ಗುಟ್ಟಾಗಿ ದಾಖಲಿಸಿ ಹಾರ್ಡ್ ಡಿಸ್ಕನ್ನು ಮುಂದಿಟ್ಟಿದ್ದ. ಇದು ಅವಳ ಖಾಸಗಿತನದ ಉಲ್ಲಂಘನೆ ಎಂದ ಕೋರ್ಟು, ಹೆತ್ತವರೊಡನೆ ಆಡುವ ಮಾತನ್ನೂ ನಂಬದವನಿಗೆ ಮದುವೆಗೆ ಅರ್ಥವೇನು ಎಂದು ಕೇಳಿತು. 2025ರ ಜುಲೈಯಲ್ಲಿ ಪಂಜಾಬಿನ ಇಂಥದೇ ಪ್ರಕರಣದಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ ಬೇರೆ ದಾರಿ ಹಿಡಿಯಿತು. ವಿಚ್ಛೇದನದ ಮೊಕದ್ದಮೆಯಲ್ಲಿ ಹೆಂಡತಿಯೊಡನೆ ಆಡಿದ ಮಾತಿನ ಗುಟ್ಟಿನ ಧ್ವನಿಮುದ್ರಣವನ್ನು ಸಾಕ್ಷ್ಯವಾಗಿ ನೋಡಬಹುದು ಎಂದಿತು. ಪರಸ್ಪರ ಗೂಢಚಾರಿಕೆ ಮುರಿದ ಸಂಬಂಧದ ಲಕ್ಷಣ ಎಂದೂ ಹೇಳಿತು.

ಕೋರ್ಟಿನ ಮೆಟ್ಟಿಲು ಹತ್ತಿದವರ ಮಟ್ಟಿಗೆ ಈ ಮಾತು ಸರಿ, ಅಲ್ಲಿ ನ್ಯಾಯವಾದ ವಿಚಾರಣೆ ಮುಖ್ಯ. ಇನ್ನೂ ಹತ್ತದವರ ವಿಷಯದಲ್ಲಿ ಗೂಢಚಾರಿಕೆ ಬರೀ ಲಕ್ಷಣವೆಂದು ನನಗೆ ಅನಿಸುವುದಿಲ್ಲ. ರೋಗ ಅಲ್ಲಿಂದಲೇ ಶುರುವಾಗಬಹುದು. ಫೋನು ಕೇಳಿಸಿಕೊಳ್ಳುತ್ತಿದೆ ಎಂದು ಗೊತ್ತಾದ ಹೆಣ್ಣು ತಾಯಿಯ ಹತ್ತಿರ ಗಂಡನ ವಿಷಯ ಎತ್ತುವುದನ್ನು ಬಿಡುತ್ತಾಳೆ. ಕಾಯುವವನಿಗೆ ಆಮೇಲೆ ಸಿಗುವುದು ಅವನ ಕಿವಿಗೆಂದೇ ಆಡಿದ ಮಾತು. ನೇರವಾಗಿ "ನನಗೆ ಭಯ ಆಗ್ತದ, ಏನ್ ನಡದದ ಹೇಳು" ಎಂದು ಕೇಳಿದರೂ ಎದುರಿನವರು ಸುಳ್ಳು ಹೇಳಬಹುದು. ಆ ಸಾಧ್ಯತೆಯನ್ನು ಇಲ್ಲವಾಗಿಸುವ ಆ್ಯಪ್ ಇನ್ನೂ ಬಂದಿಲ್ಲ.