ಮೂರರಲ್ಲಿ ಎರಡು ಬಿಡು ಎನ್ನುವವರಿಗೆ

ಹಾಡು, ಚಿತ್ರ, ಸಂಶೋಧನೆ ಈ ಮೂರನ್ನೂ ಇಟ್ಟುಕೊಂಡು ಬದುಕು ಕಟ್ಟಲು ಹೊರಟ ಬೀದರ್, ಭಾಲ್ಕಿ, ಔರಾದ್ ಕಡೆಯ ಹುಡುಗ ಹುಡುಗಿಯರಿಗೆ ಮನೆಯಲ್ಲೂ ಕಾಲೇಜಿನಲ್ಲೂ ಸಿಗುವುದು ಒಂದೇ ಬುದ್ಧಿಮಾತು: ಎರಡು ಬಿಡು, ಒಂದು ಹಿಡಿ. ಹೇಳುವವರು ಅವರ ಹಿತೈಷಿಗಳೇ. ಅವರ ಮಾತಿಗೆ ತೂಕವೂ ಇದೆ. ಅದಕ್ಕೇ ಒಂದೊಂದಕ್ಕೂ ಉತ್ತರ ಕೊಡಬೇಕೆನ್ನಿಸಿದೆ.

ಮೊದಲು ಸಂಗೀತದ ಗುರುಗಳ ಮಾತು. ರಿಯಾಜಿಗೆ ಒಂದು ಜನ್ಮ ಸಾಲದು, ಅದರಲ್ಲಿ ಕುಂಚಕ್ಕೂ ಪುಸ್ತಕಕ್ಕೂ ಪಾಲು ಹಂಚಿದರೆ ಮೂರೂ ಅರೆಬರೆ ಎನ್ನುತ್ತಾರೆ. ಕೆ. ವೆಂಕಟಪ್ಪನವರನ್ನು (1886–1965) ನೆನೆಯೋಣ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಚಿತ್ರ ಕಲಿತು ಬಂದ ಅವರು ಮೈಸೂರಿನಲ್ಲಿ ವೀಣೆ ಶೇಷಣ್ಣನವರ ಶಿಷ್ಯರಾದರು. ವೀಣೆಯ ಹುಚ್ಚಿನಲ್ಲಿ ಕುಂಚ ಹಿಂದೆ ಸರಿದ ಕಾಲವೂ ಇತ್ತು, ಒಪ್ಪುತ್ತೇನೆ. ಆದರೆ ಊಟಿ, ಕೊಡೈಕನಾಲಿನ ಮಂಜು ಬೆಳಕುಗಳ ಆ ಜಲವರ್ಣಗಳು ಬಂದದ್ದು ವೀಣೆ ಕೈಗೆತ್ತಿಕೊಂಡ ಮೇಲೆಯೇ.

ಇನ್ನೂ ಹತ್ತಿರದವರು ಬೇಕೆಂದರೆ ರಾಯಚೂರಿನ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರು (1932–2024) ಇದ್ದಾರೆ. ಎಲಿಯಟ್ ಕವಿಯ ಮೇಲೆ ಪಿಎಚ್.ಡಿ. ಮಾಡಿದ ಇಂಗ್ಲಿಷ್ ಮೇಷ್ಟ್ರು, ಕನ್ನಡದ ವಿಮರ್ಶಕರು, ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದ್ ನುಡಿಸಿದವರು. ‘ಸಂಸ್ಕಾರ’ ಸಿನಿಮಾದ ಸಂಗೀತವೂ ಅವರದೇ. ಸಂಗೀತಕ್ಕಾಗಿ ಅಧ್ಯಾಪಕ ಹುದ್ದೆ ಬಿಟ್ಟರಲ್ಲ ಎನ್ನಬಹುದು. ಬಿಟ್ಟದ್ದು ಹುದ್ದೆಯನ್ನು, ವಿದ್ವತ್ತನ್ನಲ್ಲ. 1989ರಿಂದ 1992ರವರೆಗೆ ಅವರು ಫೋರ್ಡ್ ಫೌಂಡೇಶನ್ ನೆರವಿನಲ್ಲಿ ನಡೆಸಿದ ಅಧ್ಯಯನದ ವಿಷಯ ಮೈಹರ್ ಘರಾನೆಯಲ್ಲಿ ಕಲಿಸುವ ಕ್ರಮ. ಗುರುವಿನ ಮುಂದೆ ಕೂತು ಕಲಿತವರು, ತರಗತಿಯಲ್ಲಿ ನಿಂತು ಕಲಿಸಿದವರು ಒಬ್ಬರೇ ಆಗಿದ್ದಾಗ ಹುಟ್ಟುವ ಪ್ರಶ್ನೆ ಅದು.

ಗುರುಗಳ ಮಾತಿನಲ್ಲಿ ಒಂದಂತೂ ನಿಜ: ಮುಂಜಾನೆಯ ರಿಯಾಜು ತಪ್ಪಬಾರದು. ಉಳಿದ ಎರಡಕ್ಕೆ ದಿನದ ಲೆಕ್ಕ ಬೇಡ, ವರ್ಷದ ಲೆಕ್ಕ ಸಾಕು. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದಾಗ ಊರೂರು ಸುತ್ತುವುದು, ಮಳೆ ಹಿಡಿದಾಗ ಕೂತು ಬರೆಯುವುದು, ಬಣ್ಣ ಕಲಸುವುದು. ದಿನವೂ ಮೂರನ್ನೂ ಸಮನಾಗಿ ತೂಗಲು ಹೋದವರೇ ಬೇಗ ಸೋಲುವುದು.

ಎರಡನೆಯದು ಪ್ರಾಧ್ಯಾಪಕರ ಆಕ್ಷೇಪ. ನೀನೇ ಹಾಡುವವಳಾದರೆ ನಿನ್ನ ಸಂಶೋಧನೆಯಲ್ಲಿ ವಸ್ತುನಿಷ್ಠತೆ ಎಲ್ಲಿಂದ ಬರಬೇಕು, ಚಿತ್ರ ಬರೆಯುವುದು ಹವ್ಯಾಸ, ಅದನ್ನು ಪ್ರಬಂಧದೊಳಗೆ ತರಬೇಡ ಎನ್ನುತ್ತಾರೆ. ನನಗೆ ಅತ್ಯಂತ ನೋವು ಕೊಡುವ ಮಾತು ಇದೇ, ಯಾಕೆಂದರೆ ನಮ್ಮ ಜಿಲ್ಲೆಯ ಸಾಮಗ್ರಿ ಹಾಗೆ ಬೇರೆ ಬೇರೆಯಾಗಿ ಸಿಗುವುದೇ ಇಲ್ಲ.

ಬೀಸುವ ಪದಗಳನ್ನೇ ನೋಡಿ. ಔರಾದ್ ಕಡೆ ಕನ್ನಡದ ತ್ರಿಪದಿಯನ್ನೂ ಮರಾಠಿಯ ಓವಿಯನ್ನೂ ಒಂದೇ ಬಾಯಲ್ಲಿ ಹಾಡುವ ಅಜ್ಜಿಯರಿದ್ದಾರೆ. ಪದ ಬರೆದುಕೊಂಡು ಪುಸ್ತಕ ಮಾಡಿದವರು ಬಹಳ ಮಂದಿ. ಆದರೆ ಕಲ್ಲು ಒಂದು ಸುತ್ತು ತಿರುಗುವಷ್ಟರಲ್ಲಿ ಸಾಲು ಎಷ್ಟು ಮುಗಿಯುತ್ತದೆ, ಎದುರುಬದುರು ಕೂತ ಇಬ್ಬರು ಗೂಟದ ಮೇಲೆ ಕೈ ಬದಲಿಸುವ ಗಳಿಗೆಯಲ್ಲಿ ಸ್ವರ ಎಲ್ಲಿ ಎಳೆಯುತ್ತದೆ, ಇನ್ನೊಂದು ಹಿಡಿ ಜೋಳ ಹಾಕಲು ಎಲ್ಲಿ ಉಸಿರು ನಿಲ್ಲುತ್ತದೆ? ಕಿವಿ ಪಳಗದವರಿಗೆ ಇದು ಕೇಳಿಸದು, ಗೆರೆ ಹಾಕಿ ರೂಢಿ ಇಲ್ಲದವರಿಗೆ ಆ ಕೈಗಳು ಕಾಣಿಸವು. ಔರಾದ್ ಕಡೆಯ ಒಬ್ಬ ವಿದ್ಯಾರ್ಥಿನಿಯ ನೋಟ್‌ಬುಕ್ಕಿನಲ್ಲಿ ಎಡಪುಟದ ತುಂಬ ಪದ, ಅದರ ಮೇಲೆ ಸ್ವರಲಿಪಿ. ಬಲಪುಟದಲ್ಲಿ ನಾಲ್ಕು ಕೈ, ಒಂದು ಗೂಟ, ಕಲ್ಲು ತಿರುಗುವ ದಿಕ್ಕಿಗೆ ಬಾಣ. ಆ ಬಲಪುಟವನ್ನು ಹವ್ಯಾಸ ಎಂದು ಕಿತ್ತರೆ ಎಡಪುಟಕ್ಕೆ ಅರ್ಧ ಅರ್ಥ ಹೋಗುತ್ತದೆ.

ಅಷ್ಟೂರಿನ ಅಹ್ಮದ್ ಶಾ ವಲಿಯ ಗುಮ್ಮಟಕ್ಕೆ ಬನ್ನಿ. ತಲೆ ಎತ್ತಿದರೆ ಕೆಂಪು, ಬಂಗಾರದ ಬಣ್ಣಗಳ ಬಳ್ಳಿಗಳ ನಡುವೆ ಸೂಫಿ ಬರಹ. ವರ್ಷಕ್ಕೊಮ್ಮೆ ಅದೇ ಗುಮ್ಮಟಕ್ಕೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಶಂಖ ಊದಿಸಿಕೊಂಡು ಬರುತ್ತಾರೆ. ಸುಲ್ತಾನನನ್ನು ಒಬ್ಬರು ವಲಿ ಎನ್ನುತ್ತಾರೆ, ಇನ್ನೊಬ್ಬರು ಅಲ್ಲಮಪ್ರಭು ಎನ್ನುತ್ತಾರೆ. ಮೇಲಿನ ಬಣ್ಣ ಒಂದು ವಿಭಾಗಕ್ಕೆ, ಕೆಳಗಿನ ಶಂಖ ಇನ್ನೊಂದಕ್ಕೆ, ಬರಹ ಮತ್ತೊಂದಕ್ಕೆ ಎಂದು ಪಾಲು ಮಾಡಿದರೆ ಒಟ್ಟು ನೋಡುವವರು ಯಾರು? ವಸ್ತುನಿಷ್ಠತೆ ಎಂದರೆ ಕಿವಿ ಕಣ್ಣು ಮುಚ್ಚುವುದಲ್ಲ. ತಾನು ಕೇಳಿದ್ದನ್ನು ಇನ್ನೊಬ್ಬರು ಪರೀಕ್ಷಿಸುವಂತೆ ದಾಖಲಿಸುವುದು. ಶಿವರಾಮ ಕಾರಂತರು ತಾವೇ ಕುಣಿದು, ಆಡಿಸಿ ‘ಯಕ್ಷಗಾನ ಬಯಲಾಟ’ ಬರೆದರು. 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರ ಯಾವ ಕಾದಂಬರಿಗೂ ಅಲ್ಲ, ಆ ಅಧ್ಯಯನಕ್ಕೆ.

ಮೂರನೆಯದು ಅಪ್ಪ ಅಮ್ಮಂದಿರದು: ಹೊಟ್ಟೆಗೇನು? ಈ ಪ್ರಶ್ನೆಯನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ಅತಿಥಿ ಉಪನ್ಯಾಸಕರ ಸಂಬಳ ಯಾವಾಗ ಬರುತ್ತದೆಂದು ಕಾಯುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಆದರೆ ಒಂದೇ ವಿಷಯ ಹಿಡಿದವರೂ ಅದೇ ಸಾಲಿನಲ್ಲಿ ನಿಂತಿದ್ದಾರೆ. ಸಂಗೀತ, ದೃಶ್ಯಕಲೆ, ಜಾನಪದ ಮೂರಕ್ಕೂ ಎನ್‌ಇಟಿ ಇದೆ. ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಎಲ್ಲರಿಗೂ ಸಿಗದು, ಸರಿ. ಸಿಗದವರಿಗೆ 2022ರ ಯುಜಿಸಿ ನಿಯಮದಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ದಾರಿ ಇದೆ. ಅದೇ ವರ್ಷ ಏಕಕಾಲಕ್ಕೆ ಎರಡು ಪದವಿ ಓದಲೂ ಒಪ್ಪಿಗೆ ಬಂತು. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತ, ಸಂಜೆ ಪೇಟಿ ಹಿಡಿದು ನಾಲ್ಕು ಮಕ್ಕಳಿಗೆ ಸ್ವರ ಹೇಳಿಕೊಡುತ್ತ ಸಂಶೋಧನೆ ಮಾಡುವುದು ಕಷ್ಟ, ಆಗದ ಮಾತಲ್ಲ. ಒಂದು ಆದಾಯ ನಿಂತಾಗ ಇನ್ನೊಂದು ಒಲೆ ಹೊತ್ತಿಸುತ್ತದೆ.

ಇದಕ್ಕೆಲ್ಲ ಬೆಂಗಳೂರೋ ಪುಣೆಯೋ ಬೇಕು ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ತಾಮ್ರ ಸತುವಿನ ಎರಕದ ಮೇಲೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣನ್ನು ನವಸಾಗರದ ನೀರಲ್ಲಿ ಕಲಸಿ ಉಜ್ಜಿದಾಗ ಸತು ಕಪ್ಪಾಗಿ ಬೆಳ್ಳಿ ಹಾಗೇ ಉಳಿಯುವುದನ್ನು ಬೀದರಿನ ಓಣಿಯಲ್ಲಿ ಪಕ್ಕದಲ್ಲೇ ನಿಂತು ನೋಡಬಹುದು. ಬೆಂಗಳೂರಿನಲ್ಲಿ ಸಿಗುವುದು ತಯಾರಾದ ಹೂಜಿ.

ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಈಗ ನಮ್ಮದೇ ಬೀದರ್ ವಿಶ್ವವಿದ್ಯಾಲಯ ಇದೆ. ಹೊಸ ಸಂಸ್ಥೆ, ಹಳೆಯ ಗೋಡೆಗಳನ್ನು ಕಟ್ಟಲೇಬೇಕೆಂದಿಲ್ಲ. ಪ್ರಬಂಧದ ಜೊತೆಗೆ ಧ್ವನಿಮುದ್ರಿಕೆಯನ್ನೂ ರೇಖಾಚಿತ್ರಗಳನ್ನೂ ಮೌಲ್ಯಮಾಪನಕ್ಕೆ ತೆಗೆದುಕೊಳ್ಳಲಿ, ಅನುಬಂಧದಲ್ಲಿ ತುರುಕಿ ಮರೆಯದಿರಲಿ. ಮೌಖಿಕ ಪರೀಕ್ಷೆಯ ದಿನ ಪ್ರಾಧ್ಯಾಪಕರ ಪಕ್ಕದ ಕುರ್ಚಿಯಲ್ಲಿ ಹಾಡುವವರೊಬ್ಬರು ಕೂತು ಪ್ರಶ್ನೆ ಕೇಳಲಿ.