ಮಾರಾಟಕ್ಕಿರೋದು ರ‍್ಯಾಂಚ್ ಅಲ್ಲ, ಬೀಗ

ಡೆನ್ವರ್, ಸಾಲ್ಟ್ ಲೇಕ್ ಸಿಟಿ ಕಡೆ ಇರೋ ನಮ್ಮ ಹುಡುಗರ ವಾಟ್ಸ್ಯಾಪ್ ಗುಂಪಿನಲ್ಲಿ ಇತ್ತೀಚೆಗೆ ಷೇರಿನ ಮಾತು ಕಮ್ಮಿಯಾಗಿ ಜಮೀನಿನ ಮಾತು ಜಾಸ್ತಿಯಾಗಿದೆ. ಬರೋದೆಲ್ಲ ವಯೋಮಿಂಗ್, ಯೂಟಾ, ನೆವಾಡಾದ ಎತ್ತರದ ಮರುಭೂಮಿಯ ರ‍್ಯಾಂಚ್‌ಗಳ ಜಾಹೀರಾತು. ಸಮುದ್ರಮಟ್ಟಕ್ಕಿಂತ ಆರೇಳು ಸಾವಿರ ಅಡಿ ಮೇಲೆ, ಕಣ್ಣು ಹಾಯುವಷ್ಟು ದೂರ ಸೇಜ್‌ಬ್ರಷ್ ಪೊದೆ, ಎಲ್ಕ್, ಪ್ರಾಂಗ್‌ಹಾರ್ನ್, ಬೇಟೆ, ಕ್ಯಾಂಪಿಂಗ್, ಏಕಾಂತ. ಇಷ್ಟೆಲ್ಲ ಹೇಳಿದ ಮೇಲೆ ಎಷ್ಟೋ ಜಾಹೀರಾತುಗಳು ಇನ್ನೊಂದು ಮಾತು ಸೇರಿಸುತ್ತವೆ: ಜಮೀನಿಗೆ ಅಂಟಿಕೊಂಡೇ ಸರ್ಕಾರಿ ಭೂಮಿ ಇದೆ, ಅಲ್ಲಿಗೆ ಬೇರೆಯವರಿಗೆ ದಾರಿ ಇಲ್ಲ.

ನನ್ನ ತಕರಾರು ಆ ಕೊನೇ ಮಾತಿನ ಮೇಲೆ. ಅಲ್ಲಿ ಮಾರುತ್ತಿರೋದು ಜಮೀನಲ್ಲ, ಎಲ್ಲರ ಜಮೀನಿಗೆ ಹಾಕಿದ ಬೀಗ.

ಇದು ಹೇಗೆ ಸಾಧ್ಯ ಅಂತ ತಿಳಿಯೋಕೆ 1862ಕ್ಕೆ ಹೋಗಬೇಕು. ಖಂಡದ ಉದ್ದಕ್ಕೂ ರೈಲು ಹಾಕಿಸಲು ಅಮೆರಿಕ ಸರ್ಕಾರದ ಹತ್ತಿರ ದುಡ್ಡಿಗಿಂತ ಜಾಸ್ತಿ ಇದ್ದಿದ್ದು ಭೂಮಿ. ಹಳಿಯ ಎರಡೂ ಬದಿಯ ನೆಲವನ್ನು ಒಂದು ಚದರ ಮೈಲಿ, ಅಂದರೆ 640 ಎಕರೆಯ ಚೌಕಗಳಾಗಿ ಕತ್ತರಿಸಿ, ಒಂದು ಬಿಟ್ಟು ಒಂದನ್ನು ರೈಲು ಕಂಪನಿಗೆ ಕೊಟ್ಟರು. ಉಳಿದವನ್ನು ಸರ್ಕಾರ ಇಟ್ಟುಕೊಂಡಿತು. ಕಂಪನಿಯ ಚೌಕಗಳು ಕೈಬದಲಾಗಿ ರ‍್ಯಾಂಚ್‌ಗಳಾದವು. ದಕ್ಷಿಣ ವಯೋಮಿಂಗ್‌ನ ನಕ್ಷೆ ಇವತ್ತಿಗೂ ಚದುರಂಗದ ಮಣೆ: ಬಿಳಿ ಮನೆ ಖಾಸಗಿ, ಕಪ್ಪು ಮನೆ ಸಾರ್ವಜನಿಕ.

ಚದುರಂಗದಲ್ಲಿ ಒಂಟೆ ಕಪ್ಪು ಮನೆಯಿಂದ ಕಪ್ಪು ಮನೆಗೆ ಮೂಲೆ ಹಿಡಿದು ಹೋಗುತ್ತೆ, ಬಿಳಿ ಮನೆ ತುಳಿಯೋದೇ ಇಲ್ಲ. 2021ರಲ್ಲಿ ಮಿಸೌರಿಯ ನಾಲ್ವರು ಬೇಟೆಗಾರರು ವಯೋಮಿಂಗ್‌ನ ಎಲ್ಕ್ ಮೌಂಟನ್ ಹತ್ತಿರ ಮಾಡಿದ್ದೂ ಇಷ್ಟೇ. ಜಿಪಿಎಸ್ ನೋಡಿಕೊಂಡು, ನಾಲ್ಕು ಚೌಕ ಸೇರೋ ಮೂಲೆಯ ಮೇಲೆ ಏಣಿ ಇಟ್ಟು, ಒಂದು ಸರ್ಕಾರಿ ಚೌಕದಿಂದ ಇನ್ನೊಂದಕ್ಕೆ ದಾಟಿದರು. ರ‍್ಯಾಂಚ್‌ನ ಮಣ್ಣು ಮುಟ್ಟಲಿಲ್ಲ. ಆದರೂ ಅತಿಕ್ರಮಣದ ಕೇಸು ಬಿತ್ತು. ಮಾಲೀಕರ ವಾದ: ನೆಲ ಮುಟ್ಟದಿದ್ದರೇನಂತೆ, ನನ್ನ ಜಮೀನಿನ ಮೇಲಿರೋ ಗಾಳಿಯಲ್ಲಿ ನಿಮ್ಮ ಮೈ ಹಾದು ಹೋಯ್ತಲ್ಲ!

2022ರಲ್ಲಿ ಜ್ಯೂರಿ ನಾಲ್ವರನ್ನೂ ಬಿಟ್ಟಿತು. ಸಿವಿಲ್ ದಾವೆ ಮುಂದುವರಿಯಿತು, ಅದರಲ್ಲಿ ಹೇಳಿದ ನಷ್ಟದ ಲೆಕ್ಕ 70 ಲಕ್ಷ ಡಾಲರಿಗೂ ಮೇಲೆ. ಬೇಲಿ ಮುರಿದಿದ್ದಕ್ಕಲ್ಲ, ದನ ಸತ್ತಿದ್ದಕ್ಕೂ ಅಲ್ಲ. ಜನ ಹೀಗೆ ಮೂಲೆ ದಾಟಬಹುದು ಅಂತಾದರೆ ರ‍್ಯಾಂಚ್‌ನ ಬೆಲೆ ಅಷ್ಟು ಬೀಳುತ್ತೆ ಅನ್ನೋದಕ್ಕೆ.

ಈ ಲೆಕ್ಕ ಇನ್ನೊಮ್ಮೆ ಓದಿ. ಒಂದೆಕರೆ ಕಮ್ಮಿಯಾಗಿಲ್ಲ, ಒಂದು ಹುಲ್ಲುಕಡ್ಡಿ ಹೋಗಿಲ್ಲ, ಬೆಲೆ ಮಾತ್ರ ಬೀಳುತ್ತೆ. ಅಂದರೆ ಆ ಬೆಲೆಯಲ್ಲಿ ಒಂದು ದೊಡ್ಡ ಪಾಲು ಯಾವತ್ತೂ ಅವರ ಮಣ್ಣಿನದ್ದಾಗಿರಲೇ ಇಲ್ಲ. ಬೇರೆಯವರು ಬರಲಾರರು ಅನ್ನೋದಕ್ಕೇ ಕಟ್ಟಿದ ಬೆಲೆ ಅದು.

ದನಗಾಹಿಗಳ ದೊಡ್ಡ ಹಿಂಡುಗಳು ಸರ್ಕಾರಿ ಹುಲ್ಲುಗಾವಲಿಗೆ ಬೇಲಿ ಹಾಕುತ್ತಿದ್ದ ಕಾಲದಲ್ಲೇ, 1885ರಲ್ಲಿ, ಇದು ತಪ್ಪು ಅಂತ ಕಾನೂನು ಬಂದಿತ್ತು. ಅದನ್ನೇ ಹಿಡಿದು ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಾಲೀಕರ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ. ಹಾಗಂತ ಕತೆ ಮುಗಿದಿಲ್ಲ. ಆ ತೀರ್ಪು ಕಟ್ಟಿಹಾಕೋದು ವಯೋಮಿಂಗ್, ಯೂಟಾ, ಕೊಲರಾಡೊ ಸೇರಿ ಆರು ರಾಜ್ಯಗಳನ್ನು ಮಾತ್ರ. ಸುಮಾರು 80% ನೆಲ ಕೇಂದ್ರ ಸರ್ಕಾರದ್ದೇ ಆಗಿರೋ ನೆವಾಡಾ ಅದರೊಳಗಿಲ್ಲ. ಮೂಲೆಯೂ ತಾಗದೆ ನಾಲ್ಕೂ ಕಡೆ ಖಾಸಗಿ ಜಮೀನು ಸುತ್ತುವರಿದ ಸರ್ಕಾರಿ ತುಂಡುಗಳಿಗಂತೂ ಏಣಿಯೂ ಉಪಯೋಗಕ್ಕೆ ಬರಲ್ಲ.

"ಕಾಸು ಕೊಟ್ಟು ಕೊಂಡಿದ್ದೀನಿ, ನನ್ನಿಷ್ಟ" ಅಂತೀರಾ? ಕೊಂಡಷ್ಟಕ್ಕೆ ನಿಮ್ಮಿಷ್ಟ, ಖಂಡಿತ. ಅಪರಿಚಿತರು ಗೇಟು ತೆರೆದಿಟ್ಟು ಹೋದರೆ ದನ ಚದುರುತ್ತೆ, ಕಸ ಬೀಳುತ್ತೆ, ಗುಂಡು ಎಲ್ಲಿಗೋ ಹಾರುತ್ತೆ. ರ‍್ಯಾಂಚ್ ನಡೆಸಿ ಹೊಟ್ಟೆ ಹೊರೆಯೋರ ಈ ಭಯ ನಿಜ. ಆದರೆ ನಿಮ್ಮ ಮಣ್ಣು ತುಳಿದೋರ ಮೇಲೆ ಕೇಸು ಹಾಕೋ ಹಕ್ಕನ್ನು ಯಾರೂ ಕಿತ್ತುಕೊಂಡಿಲ್ಲ. ಪಕ್ಕದ ಸರ್ಕಾರಿ ಚೌಕದಲ್ಲಿ ದನ ಮೇಯಿಸೋಕೆ 2025ರಲ್ಲಿ ಒಂದು ಹಸು-ಕರುವಿಗೆ ತಿಂಗಳಿಗೆ 1.35 ಡಾಲರ್ ಶುಲ್ಕ. ಅಷ್ಟಕ್ಕೆ ಸಿಗೋದು ಮೇವು, ಮಾಲೀಕತ್ವ ಅಲ್ಲ. ಆ ಎಲ್ಕ್ ಕೂಡ ನಿಮ್ಮದಲ್ಲ. ಅಲ್ಲಿ ಕಾಡುಪ್ರಾಣಿಗಳು ರಾಜ್ಯದ ಸುಪರ್ದಿಯಲ್ಲಿರುತ್ತವೆ, ಸ್ವಂತ ಜಮೀನಲ್ಲಿ ಹೊಡೆಯೋಕೂ ಲೈಸೆನ್ಸ್ ಬೇಕು.

ಇನ್ನು ಆ "ಏಕಾಂತ". ರೈಲು ಬರೋದಕ್ಕೂ ಮುಂಚೆ ಇದು ಶೊಶೋನಿ, ಯೂಟ್, ಅರಪಾಹೊ ಜನ ಬೇಟೆಯಾಡುತ್ತಿದ್ದ ನೆಲ. ಚೌಕ ಎಳೆದದ್ದು ಅವರಿಂದ ಕಿತ್ತುಕೊಂಡ ನೆಲದ ಮೇಲೆಯೇ. ಹಾಗಾಗಿ ಸಾರ್ವಜನಿಕ ಭೂಮಿ ಅನ್ನೋ ಮಾತಿಗೂ ಕಳಂಕ ತಪ್ಪಿದ್ದಲ್ಲ. ಆದರೆ ಒಮ್ಮೆ ಕಿತ್ತುಕೊಂಡ ನೆಲವನ್ನು ಇನ್ನೊಮ್ಮೆ, ಈ ಸಲ ಎಲ್ಲರಿಂದ, ಕಿತ್ತುಕೊಳ್ಳೋದಕ್ಕೆ ಅದು ಸಮರ್ಥನೆ ಆಗಲ್ಲ.

ಹಳ್ಳಿಯಲ್ಲಿ ಬೆಳೆದೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಮಾಳವನ್ನೇ ನುಂಗಬೇಕು ಅಂತೇನಿಲ್ಲ, ಅದಕ್ಕೆ ಹೋಗೋ ಬಂಡಿದಾರಿಗೆ ತಂತಿ ಎಳೆದರೆ ಸಾಕು. ಪಹಣಿಯಲ್ಲಿ ಸರ್ಕಾರಿ ಅಂತಲೇ ಇರುತ್ತೆ, ದನ ಮಾತ್ರ ಒಬ್ಬರದ್ದೇ ಮೇಯ್ತಾ ಇರುತ್ತೆ. ಇಂಥದ್ದನ್ನು ನೋಡಿ ಬೈಕೊಂಡು ಬೆಳೆದ ನಾವು, ಸಂಬಳ ಡಾಲರಿಗೆ ತಿರುಗಿದ ತಕ್ಷಣ ಅದನ್ನೇ "ಪ್ರೈವಸಿ" ಅಂತ ಕರೆದು ಕೊಳ್ಳೋದಾದರೆ, ನಮಗೂ ಆ ತಂತಿ ಎಳೆದವನಿಗೂ ಏನು ವ್ಯತ್ಯಾಸ?

ರ‍್ಯಾಂಚ್ ಕೊಳ್ಳಬೇಡಿ ಅಂತಿಲ್ಲ. ಕೊಳ್ಳೋ ಮುಂಚೆ ಏಜೆಂಟನ್ನು ಒಂದೇ ಒಂದು ಪ್ರಶ್ನೆ ಕೇಳಿ: ನಾಳೆ ಪಕ್ಕದ ಸರ್ಕಾರಿ ಭೂಮಿಗೆ ಎಲ್ಲರೂ ಬರೋ ಹಾಗಾದರೆ ಈ ಜಮೀನಿನ ಬೆಲೆ ಎಷ್ಟು? ಅವನು ಎಷ್ಟು ಕಮ್ಮಿ ಹೇಳ್ತಾನೋ ಅಷ್ಟು ದುಡ್ಡು ನಿಮ್ಮ ನೆಲಕ್ಕಲ್ಲ, ಬೀಗಕ್ಕೆ. ಅದನ್ನು ಕೊಡಬೇಡಿ.